ನಕಲು ಎನ್ನುವ ಮುನ್ನ ತಾರ್ನಾಕದತ್ತ ನೋಡಿ

ನಮ್ಮ ಸರ್ಕಾರಿ ಪ್ರಯೋಗಾಲಯಗಳು ಪರದೇಶದ ಔಷಧಗಳನ್ನು ನಕಲು ಮಾಡುತ್ತವೆ ಎಂಬ ದೂರು ಹಳೆಯದು. ಅದನ್ನು ಒಪ್ಪುವ ಮುನ್ನ ಹೈದರಾಬಾದಿನ ತಾರ್ನಾಕದ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಐಐಸಿಟಿಯಲ್ಲಿ, ಥೈಮಿನ್ ಎಂಬ ಪುಟ್ಟ ಅಣುವಿನ ಸುತ್ತ ನಡೆದ ಕೆಲಸವನ್ನು ನೋಡಬೇಕು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಥೈಮಿನ್ ಒಂದು. ಆರ್‌ಎನ್‌ಎಯ ಯುರಾಸಿಲ್‌ಗೆ ಒಂದು ಮೀಥೈಲ್ ಗುಂಪು ಸೇರಿದರೆ ಅದೇ ಥೈಮಿನ್. ಆ ಪುಟ್ಟ ಗುರುತಿಗೆ ಜೀವಕೋಶ ಸುಮ್ಮನೆ ಶಕ್ತಿ ವ್ಯಯಿಸುವುದಿಲ್ಲ. ಡಿಎನ್‌ಎಯ ಇನ್ನೊಂದು ಅಕ್ಷರವಾದ ಸೈಟೊಸಿನ್ ಆಗಾಗ ತಾನಾಗಿಯೇ ಕೆಟ್ಟು ಯುರಾಸಿಲ್ ಆಗುತ್ತದೆ. ಡಿಎನ್‌ಎಯ ಸಹಜ ಅಕ್ಷರವೂ ಯುರಾಸಿಲ್ಲೇ ಆಗಿದ್ದರೆ ತಪ್ಪು ಯಾವುದು, ಒಪ್ಪು ಯಾವುದು ಎಂದು ದುರಸ್ತಿ ಕಿಣ್ವಗಳಿಗೆ ತಿಳಿಯುತ್ತಿರಲಿಲ್ಲ. ಥೈಮಿನ್‌ಗೆ ಸಕ್ಕರೆ ಕೂಡಿದರೆ ಥೈಮಿಡಿನ್. ಆ ಸಕ್ಕರೆಯ ಮೂರನೆಯ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್ಲೇ ಮುಂದಿನ ಅಕ್ಷರಕ್ಕೆ ಕೊಂಡಿ. ಅದನ್ನು ತೆಗೆದು ಅಜೈಡ್ ಕೂರಿಸಿದರೆ ಎಜೆಡ್‌ಟಿ ಎಂಬ ಔಷಧ. ಎಚ್‌ಐವಿಯ ಕಿಣ್ವ ಇದನ್ನು ಥೈಮಿಡಿನ್ ಎಂದೇ ನಂಬಿ ಪೋಣಿಸುತ್ತದೆ, ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಈ ಅಣುವನ್ನು ಮೊದಲು ತಯಾರಿಸಿದವರು ಅಮೆರಿಕದ ಜೆರೋಮ್ ಹಾರ್ವಿಟ್ಜ್, 1964ರಲ್ಲಿ, ಕ್ಯಾನ್ಸರ್ ಔಷಧಕ್ಕಾಗಿ, ಸಾರ್ವಜನಿಕ ಹಣದಲ್ಲಿ. ಅದು ಫಲಿಸದೆ ಮೂಲೆ ಸೇರಿತು. 1987ರಲ್ಲಿ ಏಡ್ಸ್‌ನ ಮೊದಲ ಔಷಧವಾಗಿ, ಬಡವರ ಕೈಗೆಟುಕದ ಬೆಲೆಯಲ್ಲಿ ಮರಳಿ ಬಂತು. ಎ.ವಿ. ರಾಮರಾವ್ ನೇತೃತ್ವದ ಐಐಸಿಟಿ ಅದರ ತಯಾರಿಕೆಯ ವಿಧಾನವನ್ನು ರೂಪಿಸಿ ಔಷಧ ಕಂಪನಿ ಸಿಪ್ಲಾಗೆ ಕೊಟ್ಟಿತು. 1993ರಲ್ಲಿ ಭಾರತದಲ್ಲೇ ತಯಾರಾದ ಎಜೆಡ್‌ಟಿ ಮಾರುಕಟ್ಟೆಗೆ ಬಂತು. ಇದು ಕಳ್ಳತನವಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತ್ತು. ಅಣುವಿನ ಚಿತ್ರ ಎಲ್ಲರಿಗೂ ಗೊತ್ತಿದ್ದರೂ ಅದನ್ನು ಶುದ್ಧವಾಗಿ, ಅಗ್ಗವಾಗಿ, ಕ್ವಿಂಟಲ್‌ಗಟ್ಟಲೆ ತಯಾರಿಸುವ ದಾರಿ ಚಿತ್ರದಲ್ಲಿರುವುದಿಲ್ಲ. ಎಜೆಡ್‌ಟಿ ಒಂದೇ ಸಾಲದು, ವೈರಸ್ ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ರಕ್ತಹೀನತೆಯೂ ಬರುತ್ತದೆ ಎಂಬ ಆಕ್ಷೇಪ ನಿಜ. ಆದರೆ ಅದರಿಂದ ಕಲಿತ ಪಾಠ ವ್ಯರ್ಥವಾಗಲಿಲ್ಲ. ವರ್ಷಕ್ಕೆ 10,000 ಡಾಲರ್ ದಾಟಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ 350 ಡಾಲರಿಗೆ ಕೊಡಲು ಮುಂದಾದಾಗ ಅದರಲ್ಲಿದ್ದ ಸ್ಟಾವುಡಿನ್ ಕೂಡ ಥೈಮಿಡಿನ್‌ನ ವೇಷಧಾರಿಯೇ.

2005ರಿಂದ ಅಣುವಿಗೇ ಪೇಟೆಂಟ್ ಸಿಗುತ್ತಿದೆ, ಇನ್ನು ಇಂಥ ಕೆಲಸವೇಕೆ, ಕಂಪನಿಗಳೇ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಪೇಟೆಂಟ್‌ಗೆ ಇಪ್ಪತ್ತು ವರ್ಷದ ಆಯಸ್ಸು. ಅದು ಮುಗಿದ ದಿನ ತಯಾರಿಸಲು ಬಲ್ಲವರು ಬೇಕು. ಲಾಭ ಕಾಣದ ಕಡೆ ಕಂಪನಿಗಳು ವರ್ಷಗಟ್ಟಲೆ ಕಾಯುವುದಿಲ್ಲ. ಮಾತ್ರೆಯ ಮೂಲವಸ್ತುಗಳಿಗೆ ನಾವಿನ್ನೂ ಚೀನಾವನ್ನೇ ನೆಚ್ಚಿದ್ದೇವೆ. 2020ರಲ್ಲಿ ಕೋವಿಡ್ ಬಂದಾಗ ಫಾವಿಪಿರಾವಿರ್ ತಯಾರಿಕೆಯ ವಿಧಾನವನ್ನು ಸಿಪ್ಲಾಗೆ ಒದಗಿಸಿದ್ದೂ ಇದೇ ಐಐಸಿಟಿ. ಆ ಔಷಧ ನಿರೀಕ್ಷೆಯಷ್ಟು ಫಲ ಕೊಡಲಿಲ್ಲ, ನಿಜ. ಆದರೆ ಕೆಲವೇ ವಾರಗಳಲ್ಲಿ ಅದನ್ನು ತಯಾರಿಸಬಲ್ಲ ಕೈಗಳು ಸಿದ್ಧವಾಗಿದ್ದವು, ಮತ್ತು ಅವು ಪಳಗಿದ್ದು ದಶಕಗಳ ಸಾರ್ವಜನಿಕ ವೆಚ್ಚದಲ್ಲಿ.