ಡಬ್ಬಿಯ ತಳ ನೋಡುವವರು

ಒಳಗೆ ಕ್ಯಾಮೆರಾ ಇರುವ ಫ್ರಿಜ್ಜನ್ನು ಸ್ಯಾಮ್‌ಸಂಗ್ ಕಂಪನಿ 2016ರಲ್ಲೇ ತಂದಿತು. ಬಾಗಿಲು ಮುಚ್ಚಿದಾಗಲೆಲ್ಲ ಅದು ಒಳಗಿನ ಚಿತ್ರ ತೆಗೆಯುತ್ತದೆ. ಹಾಲು, ತರಕಾರಿ ಇದೆಯೋ ಇಲ್ಲವೋ ಎಂದು ಸಂತೆಯಲ್ಲಿ ನಿಂತೇ ಮೊಬೈಲಿನಲ್ಲಿ ನೋಡಬಹುದು. ಒಳ್ಳೆಯದೇ, ಇದ್ದದ್ದನ್ನೇ ಮತ್ತೆ ತಂದು ಕೊಳೆಸುವುದು ತಪ್ಪೀತು.

ಆದರೆ ಶರಣ ಬಂಧುಗಳೇ, ನಮ್ಮ ಜೋಳದ ಹಿಟ್ಟು, ಬೇಳೆ, ಬೆಲ್ಲ ಇರುವುದು ಮುಚ್ಚಿದ ಡಬ್ಬಿಗಳಲ್ಲಿ. ಆ ಲೆಕ್ಕ ಇಂದಿಗೂ ತಾಯಂದಿರ ತಲೆಯಲ್ಲೇ ಇದೆ. ಹೆಚ್ಚಾದ ಅಕ್ಕಿಯನ್ನು ಗಂಡನಿಂದ ಮರಳಿ ಸುರಿಸಿದ ಆಯ್ದಕ್ಕಿ ಲಕ್ಕಮ್ಮನನ್ನು ವೇದಿಕೆಯಲ್ಲಿ ಕೊಂಡಾಡುವ ನಾವು, ಮನೆಯೊಳಗಿನ ಈ ಅಳತೆಯನ್ನು ಕಾಯಕವೆಂದು ಎಣಿಸಿದ್ದೇವೆಯೇ? ನಾನಂತೂ ಎಣಿಸಿರಲಿಲ್ಲ. ಮನೆಯವರು ತವರಿಗೆ ಹೋಗಿದ್ದಾಗ, ಪ್ರಸಾದಕ್ಕೆ ಕರೆದ ಬಂಧುಗಳು ಬಂದು ಕುಳಿತ ಮೇಲೆ, ಹಿಟ್ಟಿನ ಡಬ್ಬಿ ಬರಿದಾದದ್ದು ಕಂಡೆ. ಅಂದು ಅನ್ನ-ಸಾರಿನಲ್ಲೇ ಮುಗಿಸಿದೆವು. ಈಗ ಶನಿವಾರ ಡಬ್ಬಿಗಳನ್ನು ಇಳಿಸಿ ನೋಡಿ, ತರಬೇಕಾದದ್ದನ್ನು ಬರೆಯುವ ಸರದಿ ನನ್ನದು.