ಕೂಸು ಬಡವಾಗುವ ಬಗೆ

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕೂಸು ಬಡವಾಗುವ ಬಗೆಯನ್ನು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಅಮೆರಿಕದ ಮನೋವೈದ್ಯ ಮರ್ರೇ ಬೋವೆನ್ (1913–1990) ಪ್ರಮುಖರು. 1954ರಿಂದ ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಅವರು ರೋಗಿಗಳೊಂದಿಗೆ ಮೊದಲು ತಾಯಂದಿರನ್ನೂ ಬಳಿಕ ಇಡೀ ಕುಟುಂಬಗಳನ್ನೂ ವಾರ್ಡಿನಲ್ಲಿರಿಸಿ ಅವಲೋಕಿಸಿದರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು ರೋಗಿಗಳ ಬಂಧುಗಳಿಗೆ ಆವರಣದೊಳಗೆ ಡೇರೆ ಹಾಕಿಸಿಕೊಟ್ಟು ಅವರನ್ನೂ ಚಿಕಿತ್ಸೆಯಲ್ಲಿ ತೊಡಗಿಸಿದರು. ಕುಟುಂಬವು ಬಿಡಿ ವ್ಯಕ್ತಿಗಳ ಗುಂಪಲ್ಲ, ಒಬ್ಬರ ಆತಂಕ ಇನ್ನೊಬ್ಬರಿಗೆ ದಾಟುವ ಒಂದು ವ್ಯವಸ್ಥೆ ಎಂಬುದೇ ಬೋವೆನರ ಚಿಂತನೆಯ ತಿರುಳು.

ಮಾನಂದವಾಡಿಯ ಆಸುಪಾಸಿನ ಒಂದು ಕನ್ನಡ ಮನೆಯನ್ನು ಉದಾಹರಣೆಗಾಗಿ ಊಹಿಸಬಹುದು. ತಂದೆ ಬಾವಲಿ ಗಡಿ ದಾಟಿ ಎಚ್.ಡಿ. ಕೋಟೆಯ ಕಡೆ ಗುತ್ತಿಗೆ ಭೂಮಿಯಲ್ಲಿ ಶುಂಠಿ ಬೆಳೆಯುತ್ತಾನೆ. ಬೆಲೆ ಕುಸಿದು ಸಾಲ ಬೆಳೆದಿದೆ. ಊರಿನಲ್ಲಿ ತಾಯಿ, ಅಜ್ಜಿ, ಹನ್ನೆರಡರ ಮಗಳು. ಗಂಡನೊಡನೆ ಆಡಬೇಕಾದ ಮಾತನ್ನು ತಾಯಿ ಮಗಳೊಡನೆ ಆಡುತ್ತಾಳೆ. ತಂದೆ ಫೋನಿನಲ್ಲಿ, “ನಿನ್ನ ಅಮ್ಮನಿಗೆ ಹೇಳು” ಎನ್ನುತ್ತಾನೆ. ಇಬ್ಬರ ನಡುವಣ ಬಿಗುವು ಹೀಗೆ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಬೋವೆನ್ ತ್ರಿಕೋನವೆಂದರು. ಬಿಗುವು ತಾತ್ಕಾಲಿಕವಾಗಿ ತಗ್ಗುತ್ತದೆ. ಅದರ ಭಾರ ಮಾತ್ರ ಮಗುವಿನ ಮೇಲೆ ಬೀಳುತ್ತದೆ.

ಭಾಷಾ ಅಲ್ಪಸಂಖ್ಯಾತರ ಮನೆಗಳಲ್ಲಿ ಈ ಭಾರಕ್ಕೆ ಇನ್ನೊಂದು ಮುಖವಿದೆ. ಹಿರಿಯರಿಗೆ ಮಲಯಾಳದ ಓದು ಬಾರದಿದ್ದರೆ ಬ್ಯಾಂಕಿನ ನೋಟೀಸನ್ನು ಓದಿ ಹೇಳುವವಳೂ, ಆಸ್ಪತ್ರೆಯಲ್ಲಿ ಅಜ್ಜಿಯ ಮಾತನ್ನು ದಾಟಿಸುವವಳೂ ಅವಳೇ. ನೆರವಾಗುವುದು ದೋಷವಲ್ಲ, ಅದರಿಂದ ಮಗು ಬೆಳೆಯುವುದೂ ಉಂಟು. ಆದರೆ ಸಾಲದ ಚಿಂತೆಯೂ ಅವಳದೇ ಆದಾಗ ಹಿರಿಯರ ಮತ್ತು ಮಕ್ಕಳ ನಡುವಿನ ಎಲ್ಲೆ ಅಳಿಯುತ್ತದೆ. ಈ ಎಲ್ಲೆಗಳ ಮಹತ್ವವನ್ನು ಸಾಲ್ವಡಾರ್ ಮಿನೂಚಿನ್ 1974ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದರು.

ಕೊನೆಗೆ ಕಣ್ಣಿಗೆ ಬೀಳುವುದು ಅಂಕ ಇಳಿದುದು, ಶಾಲೆಗೆ ಹೊರಡುವಾಗಿನ ಹೊಟ್ಟೆನೋವು. ಹೊಟ್ಟೆನೋವನ್ನು ವೈದ್ಯರಿಗೆ ಮೊದಲು ತೋರಿಸಲೇಬೇಕು. ದೇಹದಲ್ಲಿ ಕಾರಣ ಕಾಣದಿದ್ದರೆ ಮಗುವನ್ನು ಸೋಮಾರಿಯೆನ್ನುವ ಮುನ್ನ ಮನೆಯ ಮಾತುಕತೆಯ ದಾರಿಗಳನ್ನು ಪರಿಶೀಲಿಸುವುದು ಯುಕ್ತ.

ನ್ಯಾಯವ್ಯವಸ್ಥೆಯೂ ಈ ನೋಟಕ್ಕೆ ದೂರವಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 9ನೇ ಕಲಮಿನಂತೆ ನ್ಯಾಯಾಲಯವು ಮೊದಲು ರಾಜಿಗೆ ಯತ್ನಿಸಬೇಕು. 12ನೇ ಕಲಮಿನಂತೆ ವೈದ್ಯಕೀಯ ಹಾಗೂ ಕುಟುಂಬ ಕಲ್ಯಾಣ ತಜ್ಞರ ನೆರವು ಪಡೆಯಬಹುದು. ಆದರೆ ಹೊಡೆತ ಬಡಿತವಿರುವ ಮನೆಯಲ್ಲಿ ‘ಎಲ್ಲರದೂ ಪಾಲಿದೆ’ ಎಂದು ತಪ್ಪನ್ನು ಹಂಚುವುದು ಅನ್ಯಾಯ. ಅಲ್ಲಿ ಮೊದಲು ಬೇಕಾದುದು ರಕ್ಷಣೆ. ಅದಕ್ಕೆಂದೇ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯಿದೆ.

ಸಂಬಂಧ ಕಡಿದುಕೊಳ್ಳದೆ, ಇತರರ ಆತಂಕದಲ್ಲಿ ಕೊಚ್ಚಿಹೋಗದೆ ತನ್ನ ವಿವೇಚನೆಯನ್ನು ಉಳಿಸಿಕೊಳ್ಳುವ ಶಕ್ತಿಗೆ ಬೋವೆನ್ ಹೆಚ್ಚಿನ ಬೆಲೆ ಕೊಟ್ಟರು. ಅದರ ಮೊದಲ ಹೆಜ್ಜೆ ಸರಳ: ಸಾಲದ ಮಾತನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ನೇರವಾಗಿ ಹೇಳುವುದು, ನೋಟೀಸನ್ನು ತಿಳಿದ ಹಿರಿಯರೊಬ್ಬರಿಂದ ಓದಿಸುವುದು. ಮನೆಯವರಿಂದಲೇ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಯೂ ಲಭ್ಯ. ದೊಡ್ಡವರ ಮಾತು ದೊಡ್ಡವರಲ್ಲೇ ಉಳಿದರೆ, ಮಗುವಿನ ಕೈಗೆ ಪುಸ್ತಕ ಮರಳುತ್ತದೆ.