ಮನೆಹೆಸರೂ ಪರದೇಶದ ಕಾಗದಪತ್ರಗಳೂ

ಕೊಡಗಿನ ಹೆಣ್ಣುಮಗಳೊಬ್ಬಳು ಪರದೇಶದ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯಲು ಹೊರಟಳೆಂದರೆ ಈಗ ಊರಿನವರಿಗೆ ಅದು ಸೋಜಿಗದ ಸಂಗತಿಯಲ್ಲ. ಓದು ಮುಗಿದಿದೆ, ಕೈ ಪಳಗಿದೆ, ಇಂಗ್ಲಿಷ್ ಪರೀಕ್ಷೆಯ ಗಂಡಾಂತರವೂ ಕಳೆದಿದೆ. ಇನ್ನು ವಿಮಾನವೇರುವುದೊಂದೇ ಬಾಕಿ ಎನ್ನುವ ಹೊತ್ತಿಗೆ ಅರ್ಜಿ ಹಿಂದಿರುಗುತ್ತದೆ. ಕಾರಣವನ್ನು ವಿಚಾರಿಸಿದರೆ ವಿದ್ಯೆಯಲ್ಲಿ ಲೋಪವಿಲ್ಲ, ಅನುಭವದಲ್ಲಿ ಕೊರತೆಯಿಲ್ಲ. ಒಂದು ಕಾಗದದ ಹೆಸರಿಗೂ ಇನ್ನೊಂದು ಕಾಗದದ ಹೆಸರಿಗೂ ಹೊಂದಿಕೆಯಿಲ್ಲ, ಅಷ್ಟೆ.

ಈ ತೊಡಕು ಎಲ್ಲ ಸೀಮೆಗಳಲ್ಲಿಯೂ ಉಂಟು. ಕೊಡಗಿನಲ್ಲಿ ಅದಕ್ಕೆ ಒಂದು ಗಂಟು ಹೆಚ್ಚು. ಕೊಡವರಲ್ಲಿ ಮನೆಹೆಸರು ಮೊದಲು, ತಂದೆಯ ಹೆಸರು ನಡುವೆ, ಸ್ವಂತ ಹೆಸರು ಕಡೆಗೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರ ‘ಕೆ’ಯೂ ಜನರಲ್ ಕೆ. ಎಸ್. ತಿಮ್ಮಯ್ಯನವರ ‘ಕೆ’ಯೂ ಒಂದೇ ಕೊಡಂದೇರ ಮನೆತನದ್ದೆಂಬುದು ಮಡಿಕೇರಿಯಲ್ಲಿ ಹೇಳಿಕೊಡಬೇಕಾದ ಮಾತಲ್ಲ. ದೂರದೇಶದ ಗುಮಾಸ್ತ ಅದನ್ನು ಬಲ್ಲನೆ? ಅವನ ಮುಂದಿರುವ ನಮೂನೆಯಲ್ಲಿ ಎರಡೇ ಅಂಕಣಗಳು: ಒಂದು ಕುಲನಾಮಕ್ಕೆ, ಇನ್ನೊಂದು ಸ್ವಂತ ಹೆಸರಿಗೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಎರಡು ಇನಿಷಿಯಲ್‌ಗಳು; ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರನ್ನು ಬಿಡಿಸಿ ಬರೆದದ್ದು; ಮದುವೆಯ ನಂತರ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಗಂಡನ ಮನೆಹೆಸರು. ಸಾಲದುದಕ್ಕೆ, ಹೆಸರಿನ ಕೊನೆಯ ‘ಅಯ್ಯ’ವನ್ನು ಇಂಗ್ಲಿಷಿನಲ್ಲಿ ಒಬ್ಬ ಗುರುಗಳು ಒಂದು ಬಗೆಯಾಗಿ, ಇನ್ನೊಬ್ಬರು ಮತ್ತೊಂದು ಬಗೆಯಾಗಿ ಬರೆದಿರುತ್ತಾರೆ. ಹೀಗೆ ಒಬ್ಬಳೇ ಹುಡುಗಿ ಕಾಗದದ ಮೇಲೆ ಮೂವರಾಗುತ್ತಾಳೆ.

ಆದುದರಿಂದ ಮೊದಲು ಸರಿಪಡಿಸಬೇಕಾದುದು ಪಾಸ್‌ಪೋರ್ಟು. ಅದರಲ್ಲಿ ಇನಿಷಿಯಲ್‌ಗಳಿಗೆ ಎಡೆಯಿಲ್ಲ, ಬಿಡಿಸಿಯೇ ಬರೆಯಬೇಕು. ಇಂಗ್ಲಿಷ್ ಪರೀಕ್ಷೆಗಾಗಲಿ ಪರದೇಶದ ನರ್ಸಿಂಗ್ ಮಂಡಲಿಗಾಗಲಿ ಹೆಸರು ಕೊಡುವಾಗ ಅಕ್ಷರವೊಂದೂ ಅದರಿಂದ ಕದಲಬಾರದು. ಹಳೆಯ ಪತ್ರಗಳಲ್ಲಿ ವ್ಯತ್ಯಾಸವಿದ್ದರೆ ಅಫಿಡವಿಟ್ ಮಾಡಿಸುವುದುಂಟು. ನೋಟರಿಯ ಮುದ್ರೆ ಬಿದ್ದೊಡನೆ ಎಲ್ಲವೂ ತೀರಿತೆಂಬ ನಂಬಿಕೆ ಮಾತ್ರ ತಪ್ಪು. ಎಲ್ಲ ದೇಶಗಳೂ ಅದನ್ನು ಮನ್ನಿಸುವುದಿಲ್ಲ. ಮೂಲಪತ್ರವನ್ನೇ ತಿದ್ದಿಸಲು ಸಾಧ್ಯವಿದ್ದರೆ ತಿಂಗಳುಗಳು ಹಿಡಿದರೂ ತಿದ್ದಿಸುವುದೇ ಲೇಸು.

ಇನ್ನು ಮದುವೆಯ ಮಾತು. ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಭಾರತೀಯ ಮಹಿಳೆ. ಮದುವೆಯಾದರೆ ಕೆಲಸ ಬಿಡಬೇಕಾದೀತೆಂಬ ಮುಚ್ಚಳಿಕೆಗೆ ಅವರು ಸಹಿ ಹಾಕಬೇಕಾಯಿತು. ಅಂತಹ ನಿಯಮಗಳನ್ನು ಅವರು ಸುಪ್ರೀಂ ಕೋರ್ಟಿಗೆ ಒಯ್ದರು. 1979ರ ತೀರ್ಪಿನಲ್ಲಿ ನ್ಯಾಯಾಲಯವು ಆ ತಾರತಮ್ಯವನ್ನು ಕಟುವಾಗಿಯೇ ಖಂಡಿಸಿತು. ಇಂದಿನ ದಾದಿಗೆ ಅಂತಹ ಮುಚ್ಚಳಿಕೆಯಿಲ್ಲ. ಮದುವೆಯಾದ ಮಾತ್ರಕ್ಕೆ ಪಾಸ್‌ಪೋರ್ಟಿನ ಹೆಸರನ್ನು ಬದಲಿಸಬೇಕೆಂಬ ಕಾನೂನೂ ಇಲ್ಲ. ಆದರೂ ಮದುವೆಯ ಮರುವಾರವೇ ಅತ್ತೆಯ ಮನೆಯ ಹಿರಿಯರು, ‘ನಮ್ಮ ಮನೆಹೆಸರು ಹಾಕಿಸವ್ವಾ’ ಎಂದು ಅಕ್ಕರೆಯಿಂದ ಹೇಳುವುದುಂಟು. ಐನ್‌ಮನೆಯ ತೂಗುದೀಪದ ಮುಂದೆ ಸೊಸೆ ಆ ಮನೆಯವಳಾದುದಕ್ಕೆ ಪಾಸ್‌ಪೋರ್ಟಿನ ಸಾಕ್ಷ್ಯ ಬೇಕಿಲ್ಲ. ವ್ಯಾಸಂಗದ ಪತ್ರಗಳೆಲ್ಲ ತವರಿನ ಹೆಸರಿನಲ್ಲಿರುವಾಗ ಪಾಸ್‌ಪೋರ್ಟನ್ನೂ ಹಾಗೆಯೇ ಬಿಡುವುದು ಜಾಣತನ. ಬದಲಿಸಲೇಬೇಕೆಂದಿದ್ದರೆ ವಿವಾಹವನ್ನು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಾಯಿಸಿ ಆ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು.

ಉಳಿದ ಕಾಗದಗಳಿಗೆ ಬೆಂಗಳೂರಿನ ರಾಜ್ಯ ಶುಶ್ರೂಷಾ ಪರಿಷತ್ತೇ ಗತಿ. ರೈಲಿಲ್ಲದ ಜಿಲ್ಲೆಯಿಂದ ಇನ್ನೂರೈವತ್ತು ಕಿಲೋಮೀಟರಿನಷ್ಟು ದೂರ ಬಸ್ಸಿನಲ್ಲಿ ಹೋದವಳು, ನೋಂದಣಿಯ ಅವಧಿ ಮುಗಿದಿದೆಯೆಂದು ಕಿಟಕಿಯ ಮುಂದೆ ತಿಳಿದು ಹಿಂದಿರುಗುವಂತಾಗಬಾರದು. ಸನ್ನಡತೆಯ ಪತ್ರವನ್ನು ಅನೇಕ ದೇಶಗಳು ಅಭ್ಯರ್ಥಿಯ ಕೈಯಿಂದ ಒಪ್ಪುವುದಿಲ್ಲ. ಪರಿಷತ್ತಿನಿಂದಲೇ ನೇರವಾಗಿ ಹೋಗಬೇಕು. ಪ್ರಮಾಣಪತ್ರಗಳ ಮೇಲಿನ ಅಪೊಸ್ಟಿಲ್ ಮುದ್ರೆ ಭಾರತದಲ್ಲಿ ಜಾರಿಗೆ ಬಂದದ್ದು 2005ರಲ್ಲಿ. ಆ ಒಪ್ಪಂದಕ್ಕೆ ಸೇರದ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯ ದೃಢೀಕರಣವೇ ಬೇಕು.

ಅನುಭವಪತ್ರದ ಪಾಡು ಬೇರೆ. ಕೊಲ್ಲಿ ರಾಷ್ಟ್ರಗಳ ಪರವಾಗಿ ಪತ್ರಗಳನ್ನು ಪರೀಕ್ಷಿಸುವವರು ಆಸ್ಪತ್ರೆಗೇ ಬರೆದು ಕೇಳುತ್ತಾರೆ. ಊರಿನ ಚಿಕ್ಕ ಆಸ್ಪತ್ರೆಯ ಕಚೇರಿಯಲ್ಲಿ ಆ ಇಮೇಲನ್ನು ತೆರೆದು ನೋಡುವವರಿಲ್ಲದಿದ್ದರೆ, ನಿಜವಾಗಿ ದುಡಿದವಳ ದುಡಿಮೆಯೂ ರುಜುವಾತಾಗದೆ ಉಳಿಯುತ್ತದೆ. ಮುಂಚಿತವಾಗಿ ಅಲ್ಲಿಯವರಿಗೆ ಒಂದು ಮಾತು ತಿಳಿಸಿದರೆ ಸಾಕು. ಆರು ತಿಂಗಳನ್ನು ಎರಡು ವರ್ಷವಾಗಿ ಬರೆಸಿಕೊಂಡವಳಿಗಾದರೋ ಆ ವಿಚಾರಣೆಯೇ ಮುಳುವು. ಆ ಕಳಂಕ ಒಂದು ಅರ್ಜಿಯೊಂದಿಗೆ ತೊಳೆದುಹೋಗುವುದಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಮನೆಗಳೊಡನೆ ಪೆಟ್ಟಿಗೆಗಳೂ ಮಣ್ಣುಪಾಲಾದುವು. ಅಂಕಪಟ್ಟಿಯ ನಕಲನ್ನು ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪಡೆಯಬಹುದು; ಮುಚ್ಚಿಹೋದ ಆಸ್ಪತ್ರೆಯ ಅನುಭವಪತ್ರವನ್ನು ಯಾರಲ್ಲಿ ಕೇಳುವುದು? ಕಾಗದಗಳ ಸ್ಕ್ಯಾನ್ ಪ್ರತಿಯೊಂದು ಮನೆಯ ಹೊರಗೆ, ಬೇರೆ ಊರಿನ ಬಂಧುಗಳ ಬಳಿಯೂ ಇರಲಿ.

ಕಡೆಯದಾಗಿ ಏಜೆಂಟರು. ಪಕ್ಕದ ಕೇರಳದಲ್ಲಿ 2015ರಲ್ಲಿ ಬಯಲಾದ ಕುವೈತ್ ನೇಮಕದ ಹಗರಣದಲ್ಲಿ, 19,500 ರೂಪಾಯಿ ಪಡೆಯಬೇಕಾದಲ್ಲಿ ದಾದಿಯೊಬ್ಬಳಿಂದ 19.5 ಲಕ್ಷ ಪಡೆದರೆಂಬ ಆಪಾದನೆ ಬಂದಿತು. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿಯ ದೇಶಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ದಾದಿಯರ ನೇಮಕವನ್ನು ಇ-ಮೈಗ್ರೇಟ್ ವ್ಯವಸ್ಥೆಯೊಳಗೆ ತಂದಿತು. ಪರವಾನಗಿಯುಳ್ಳ ಏಜೆಂಟರ ಪಟ್ಟಿ ಅದರ ಜಾಲತಾಣದಲ್ಲಿಯೇ ಇದೆ. ಹೆಸರು ಆ ಪಟ್ಟಿಯಲ್ಲಿರಲಿ, ಇಲ್ಲದಿರಲಿ, ‘ಒರಿಜಿನಲ್ ಸರ್ಟಿಫಿಕೇಟುಗಳನ್ನು ನಮ್ಮಲ್ಲಿ ಬಿಟ್ಟುಹೋಗಿ’ ಎನ್ನುವವನ ಮೇಜಿನಿಂದ ಅವನ್ನು ಎತ್ತಿಕೊಂಡು ಎದ್ದು ಬರಬೇಕು.